ಡಯಾಲಿಸಿಸ್ ಕುರ್ಚಿಯಲ್ಲಿ ಆ 4 ಗಂಟೆ: ಆರಾಮಾಗಿ ಕೂರುವುದು, ಹೊತ್ತು ಕಳೆಯುವುದು ಹೇಗೆ?

ವಾರಕ್ಕೆ 3 ಸಲ, ಸಲಕ್ಕೆ ಸುಮಾರು 4 ಗಂಟೆ. ಹಿಮೋಡಯಾಲಿಸಿಸ್ (ಕಿಡ್ನಿ ಸೋತವರ ರಕ್ತವನ್ನು ಮಷಿನ್ ಮೂಲಕ ತೊಳೆಯುವುದು) ಮಾಡಿಸಿಕೊಳ್ಳುವ ಹೆಚ್ಚಿನವರ ಲೆಕ್ಕ ಇದು. ವರ್ಷಕ್ಕೆ ಕೂಡಿ ನೋಡಿ, 620 ಗಂಟೆ ದಾಟುತ್ತದೆ. ಅಷ್ಟು ಹೊತ್ತು ಒಂದೇ ಕಡೆ, ಒಂದು ಕೈ ಅಲ್ಲಾಡಿಸದೆ ಕೂರಬೇಕು.

ಹೊಸಬರು ಮೊದಲು ಕೇಳುವುದು ಒಂದೇ: "ಟೈಮ್ ಹೇಗಪ್ಪಾ ಪಾಸ್ ಮಾಡೋದು?" ಅದು ಎರಡನೇ ಪ್ರಶ್ನೆ. ಬಿಪಿ ಇಳಿದು ತಲೆ ಸುತ್ತುತ್ತಿದ್ದರೆ, ಮೀನಖಂಡ ಹಿಡಿದುಕೊಂಡಿದ್ದರೆ ಎಂಥ ಒಳ್ಳೆ ಸಿನಿಮಾ ಆದರೂ ರುಚಿಸುವುದಿಲ್ಲ. ಮೈ ನೆಟ್ಟಗಿದ್ದರೆ ಮಾತ್ರ ಮನಸ್ಸು ಬೇರೆ ಕಡೆ ಹೋಗುತ್ತದೆ. ಮತ್ತೆ ಮೈ ನೆಟ್ಟಗಿರುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಕುರ್ಚಿಗೆ ಕೂರುವ ಮೊದಲೇ ತೀರ್ಮಾನವಾಗಿರುತ್ತದೆ. ಅದಕ್ಕೇ ಈ ಬರಹ ಹಿಂದಿನ ದಿನದಿಂದ ಶುರುವಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾತ್ರೆ, ಡ್ರೈ ವೇಟ್ (ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗ ಇರಬೇಕಾದ ತೂಕ), ಮಷಿನ್ ಸೆಟ್ಟಿಂಗ್, ಇವುಗಳಲ್ಲಿ ಯಾವ ಬದಲಾವಣೆ ಬೇಕಿದ್ದರೂ ನಿಮ್ಮ ಡಾಕ್ಟರನ್ನೇ ಕೇಳಿ. ಇಲ್ಲಿರುವುದು ಅವರ ಹತ್ತಿರ ಏನು ಕೇಳಬೇಕು, ನೀವಾಗಿ ಏನು ಮಾಡಿಕೊಳ್ಳಬಹುದು ಅನ್ನುವುದಷ್ಟೇ.

ಹಂತ 1: ಎರಡು ಡಯಾಲಿಸಿಸ್ ನಡುವೆ ಏರುವ ತೂಕದ ಮೇಲೆ ಕಣ್ಣಿಡಿ

ಮಷಿನ್ ಎರಡು ಕೆಲಸ ಮಾಡುತ್ತದೆ. ರಕ್ತದ ಕಲ್ಮಶ ತೊಳೆಯುತ್ತದೆ, ಮೈಯಲ್ಲಿ ನಿಂತ ನೀರನ್ನು ತೆಗೆಯುತ್ತದೆ. ಕುರ್ಚಿಯಲ್ಲಿ ಆಗುವ ಸಂಕಟದ ದೊಡ್ಡ ಪಾಲು ಈ ಎರಡನೇ ಕೆಲಸದಿಂದ ಬರುವುದು. ನೀರನ್ನು ತೆಗೆಯುವುದು ರಕ್ತನಾಳದಿಂದ. ನಾಳದಲ್ಲಿ ಖಾಲಿಯಾದದ್ದನ್ನು ತುಂಬಲು ಮೈಯ ಬೇರೆ ಕಡೆಯ ನೀರು ಒಳಗೆ ಬರಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ತೆಗೆಯುವ ವೇಗ ಜಾಸ್ತಿಯಾದರೆ ಬಿಪಿ ಕುಸಿಯುತ್ತದೆ, ಸ್ನಾಯು ಹಿಡಿದುಕೊಳ್ಳುತ್ತದೆ.

ಗಂಟೆಗೆ, ಮೈತೂಕದ ಪ್ರತಿ ಕೆಜಿಗೆ 13 ಮಿಲಿ ದಾಟಬಾರದು ಅನ್ನುವುದು ಅನೇಕ ಕಡೆ ಪಾಲಿಸುವ ಮಿತಿ. 60 ಕೆಜಿ ತೂಕದವರಿಗೆ ಲೆಕ್ಕ ಹಾಕಿ: 60 × 13 × 4 ಗಂಟೆ, ಅಂದರೆ ಸುಮಾರು 3.1 ಲೀಟರ್. ಅವರು 4.5 ಕೆಜಿ ಏರಿಸಿಕೊಂಡು ಬಂದರೆ ಏನಾಗುತ್ತದೆ? ಒಂದೋ ವೇಗ ಹೆಚ್ಚಿಸಬೇಕು, ಇಲ್ಲ ಹೊತ್ತು ಹೆಚ್ಚಿಸಬೇಕು, ಇಲ್ಲ ಒಂದಿಷ್ಟು ನೀರನ್ನು ಮೈಯಲ್ಲೇ ಬಿಟ್ಟು ಕಳಿಸಬೇಕು. ಮೂರೂ ಯಾರಿಗೂ ಇಷ್ಟವಿಲ್ಲದ್ದೇ. ನಿಮ್ಮ ತೂಕ ಹಾಕಿ ಈ ಲೆಕ್ಕ ಒಮ್ಮೆ ಮಾಡಿಟ್ಟುಕೊಳ್ಳಿ.

ನೀರು ಕಡಿಮೆ ಕುಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಉಪ್ಪು ಕಡಿಮೆ ಮಾಡಿ ಅಂತ. ಆಸ್ಪತ್ರೆಯಲ್ಲಿ ಹಾಕುವ 1 ಲೀಟರ್ ಸಲೈನ್‌ನಲ್ಲಿ 9 ಗ್ರಾಂ ಉಪ್ಪಿರುತ್ತದೆ. ಮೈಯೂ ಹೆಚ್ಚುಕಡಿಮೆ ಅದೇ ಹದ ಕಾಯ್ದುಕೊಳ್ಳುತ್ತದೆ. 9 ಗ್ರಾಂ ಉಪ್ಪು ಒಳಗೆ ಹೋದರೆ, 1 ಲೀಟರ್ ನೀರು ಸೇರುವ ತನಕ ಬಾಯಾರಿಕೆ ಬಿಡುವುದಿಲ್ಲ. ಉಪ್ಪು ತಿಂದು ನೀರು ಬೇಡ ಅಂತ ಹಟ ಹಿಡಿಯುವುದು ಸುಮ್ನೆ ಹಿಂಸೆ.

ಇನ್ನೊಂದು ವಿಷಯ. ವಾರದಲ್ಲಿ ಒಮ್ಮೆ 2 ದಿನದ ಬಿಡುವು ಸಿಗುತ್ತದಲ್ಲ, ಅದು ಮುಗಿದ ಮೇಲಿನ ಡಯಾಲಿಸಿಸ್ ಹೆಚ್ಚಿನವರಿಗೆ ಕಷ್ಟದ್ದು. ಮೈಯಲ್ಲಿ ನೀರೂ ಕಲ್ಮಶವೂ ಜಾಸ್ತಿ ಸೇರಿರುತ್ತದೆ. ಆ ದಿನಕ್ಕೆ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ.

ಹಂತ 2: ಮನೆಯಿಂದ ಹೊರಡುವ ಮೊದಲು

ಬಟ್ಟೆಯಿಂದ ಶುರು ಮಾಡೋಣ. ಫಿಸ್ಟುಲಾ (ಸೂಜಿ ಹಾಕಲೆಂದು ಆಪರೇಷನ್ ಮಾಡಿ ಕೈಯ ಎರಡು ರಕ್ತನಾಳ ಜೋಡಿಸಿದ್ದು) ಅಥವಾ ಗ್ರಾಫ್ಟ್ (ನಡುವೆ ಕೃತಕ ನಾಳ ಇಟ್ಟು ಜೋಡಿಸಿದ್ದು) ಇರುವ ಕೈಯ ಕಡೆ ಅಂಗಿಯ ತೋಳು ಭುಜದವರೆಗೆ ಸಲೀಸಾಗಿ ಮೇಲೇರಬೇಕು. ಏರಿದ ಮೇಲೆ ಅಲ್ಲಿ ಬಿಗಿಯಬಾರದು. ಕತ್ತಿನ ಹತ್ತಿರ ಕ್ಯಾತಿಟರ್ (ರಕ್ತನಾಳದೊಳಗೆ ಇಟ್ಟ ಕೊಳವೆ) ಇದ್ದರೆ ಮುಂದೆ ಗುಂಡಿ ಇರುವ ಅಂಗಿ ಒಳ್ಳೆಯದು. ಒಂದರ ಮೇಲೊಂದು ತೆಳ್ಳನೆಯ ಬಟ್ಟೆ ಹಾಕಿಕೊಂಡರೆ ಸೆಕೆಯಾದಾಗ ಒಂದನ್ನು ತೆಗೆಯಬಹುದು. ಕಾಲಿಗೆ ಸಾಕ್ಸ್ ಇರಲಿ, ಆದರೆ ಬಿಗಿ ಎಲಾಸ್ಟಿಕ್ ಬೇಡ.

ಬಿಪಿ ಮಾತ್ರೆ ಡಯಾಲಿಸಿಸ್‌ಗೆ ಮೊದಲು ತಗೊಳ್ಳಬೇಕೋ ಆಮೇಲೋ ಅಂತ ಡಾಕ್ಟರ್ ಹತ್ತಿರ ಸ್ಪಷ್ಟವಾಗಿ ಕೇಳಿ, ಬರೆದಿಟ್ಟುಕೊಳ್ಳಿ. ಕೆಲವರ ಬಿಪಿ ಕುರ್ಚಿಯಲ್ಲಿ ಪದೇ ಪದೇ ಇಳಿಯುವುದಕ್ಕೆ ಈ ಹೊತ್ತಿನ ಏರುಪೇರೇ ಕಾರಣ. ಹಾಗಂತ ನಿಮ್ಮಷ್ಟಕ್ಕೆ ನೀವೇ ಮಾತ್ರೆ ಬಿಡುವುದು ಬೇಡ. ಶುಗರ್ ಇದ್ದವರು ಇನ್ಸುಲಿನ್ ಬಗ್ಗೆಯೂ ಕೇಳಬೇಕು, ಕುಳಿತಲ್ಲೇ ಶುಗರ್ ಇಳಿಯುವುದುಂಟು. ಗ್ಲೂಕೋಸ್ ಜೊತೆಗಿರಲಿ.

ಕುರ್ಚಿಗೆ ಹೋಗುವ ಮೊದಲು ಶೌಚಾಲಯಕ್ಕೆ ಹೋಗಿಬನ್ನಿ, ಅವಸರ ಇಲ್ಲದಿದ್ದರೂ. ನಡುವೆ ಎದ್ದು ಹೋಗಬೇಕೆಂದರೆ ಮಷಿನ್‌ನಿಂದ ಬಿಡಿಸಬೇಕು, ಮತ್ತೆ ಜೋಡಿಸಬೇಕು. ಮಲಬದ್ಧತೆಗೆ ಔಷಧಿ ತಗೊಳ್ಳುವವರು ಅದು ಕೆಲಸ ಮಾಡುವ ಹೊತ್ತು ಯಾವುದು ಅಂತ ಮೊದಲೇ ನೋಡಿಕೊಳ್ಳಿ.

ಹಂತ 3: ಸೂಜಿಯ ನೋವಿಗೆ ಏನಾದರೂ ಮಾಡಿ, ಸುಮ್ಮನೆ ಸಹಿಸಬೇಡಿ

ಫಿಸ್ಟುಲಾಗೆ ಸಲಕ್ಕೆ 2 ಸೂಜಿ. ಒಂದರಿಂದ ರಕ್ತ ಮಷಿನ್‌ಗೆ ಹೋಗುತ್ತದೆ, ಇನ್ನೊಂದರಿಂದ ವಾಪಸ್ ಬರುತ್ತದೆ. ಸಾಮಾನ್ಯ ರಕ್ತಪರೀಕ್ಷೆಯ ಸೂಜಿಗಿಂತ ಇವು ದಪ್ಪ. ನೋವಾಗುತ್ತದೆ ಅಂತ ಹೇಳಲು ನಾಚಿಕೆ ಪಡುವವರು ತುಂಬಾ ಜನ. ನಾಚಿಕೆ ಯಾಕೆ? ಪ್ರತಿ ಸಲ ಸೂಜಿಯ ಭಯದಿಂದಲೇ ಶುರುವಾದರೆ ಉಳಿದ ಹೊತ್ತೂ ಮೈ ಬಿಗಿದುಕೊಂಡೇ ಇರುತ್ತದೆ.

ಲಿಡೋಕೇನ್ ಮತ್ತು ಪ್ರಿಲೋಕೇನ್ ಇರುವ ಮರಗಟ್ಟಿಸುವ ಕ್ರೀಮ್ ಬಗ್ಗೆ ಡಾಕ್ಟರನ್ನು ಕೇಳಿ. ಅದು ಕೆಲಸ ಮಾಡದಿದ್ದರೆ ಸಾಮಾನ್ಯ ಕಾರಣ ಹಚ್ಚುವ ರೀತಿ. ಹಚ್ಚಿ ಹತ್ತು ನಿಮಿಷಕ್ಕೇ ಚುಚ್ಚಿಸಿಕೊಂಡರೆ ಪ್ರಯೋಜನ ಇಲ್ಲ. ಸುಮಾರು 1 ಗಂಟೆ ಮೊದಲು, ಸೂಜಿ ಹಾಕುವ ಎರಡು ಜಾಗದಲ್ಲಿ ದಪ್ಪಗೆ ಹಚ್ಚಬೇಕು. ಉಜ್ಜಿ ಇಂಗಿಸಬಾರದು. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ ಹಾಗೇ ಬಿಡಬೇಕು. ಸೆಂಟರ್‌ಗೆ ಹೋದ ಮೇಲೆ ಪೂರ್ತಿ ಒರೆಸಿ, ಕೈಯನ್ನು ಸೋಪು ಹಾಕಿ ತೊಳೆಯಿರಿ. ಆಮೇಲೆ ಸಿಬ್ಬಂದಿ ತಮ್ಮ ಕ್ರಮದಲ್ಲಿ ಜಾಗ ಸ್ವಚ್ಛ ಮಾಡುತ್ತಾರೆ.

ಹೋದ ಸಲ ಚುಚ್ಚಿದಲ್ಲೇ ಈ ಸಲವೂ ಚುಚ್ಚಿದರೆ ನೋವು ಕಡಿಮೆ, ನಿಜ. ಆದರೆ ಒಂದೇ ಜಾಗದ ಸುತ್ತ ಮತ್ತೆ ಮತ್ತೆ ಚುಚ್ಚುತ್ತಿದ್ದರೆ ಅಲ್ಲಿ ನಾಳದ ಗೋಡೆ ತೆಳ್ಳಗಾಗಿ ಉಬ್ಬುತ್ತದೆ. ಜಾಗ ಬದಲಿಸಿ ಅಂತ ನೀವೇ ನೆನಪಿಸಿ. ಬಟನ್‌ಹೋಲ್ ಅನ್ನುವ ಬೇರೆ ಪದ್ಧತಿಯಲ್ಲಿ ಬೇಕೆಂದೇ ಒಂದೇ ರಂಧ್ರ ಬಳಸುತ್ತಾರೆ. ಅದಕ್ಕೆ ಬೇರೆ ಸೂಜಿ, ಬೇರೆ ತರಬೇತಿ ಬೇಕು, ಸೋಂಕಿನ ಎಚ್ಚರವೂ ಜಾಸ್ತಿ.

ಸೂಜಿ ಹಾಕಿದ ಮೇಲೂ ಚುಚ್ಚುತ್ತಲೇ ಇದ್ದರೆ, ಉರಿಯುತ್ತಿದ್ದರೆ, ಊದುತ್ತಿದ್ದರೆ ಕೂಡಲೇ ಹೇಳಿ. ಸರಿಯಾಗಿ ಕೂತ ಸೂಜಿ ಸುಮ್ಮನಿರುತ್ತದೆ.

ಹಂತ 4: ಕುರ್ಚಿಯಲ್ಲಿ ಜಾಗ ಮಾಡಿಕೊಳ್ಳಿ

ಇದನ್ನು ಸೂಜಿ ಹಾಕುವ ಮೊದಲೇ ಮುಗಿಸಿ. ಆಮೇಲೆ ಸರಿಮಾಡಿಕೊಳ್ಳಲು ಒಂದೇ ಕೈ ಇರುತ್ತದೆ. ಮೊದಲು ಪೂರ್ತಿ ಹಿಂದೆ ಸರಿದು ಕೂರಿ. ಸೊಂಟದ ಹಿಂದೆ ಸಣ್ಣ ದಿಂಬು, ಕತ್ತಿಗೆ ಬೇಕಿದ್ದರೆ ಇನ್ನೊಂದು. ಫಿಸ್ಟುಲಾ ಕೈಯ ಕೆಳಗೆ ಮೆತ್ತನೆಯದು ಏನಾದರೂ ಇರಲಿ, ಮೊಣಕೈಯ ಎಲುಬು ಗಟ್ಟಿ ಜಾಗಕ್ಕೆ ಒತ್ತಬಾರದು. ಅದು ಒತ್ತಿದರೆ ಕಿರುಬೆರಳು ಜೋಮು ಹಿಡಿಯುತ್ತದೆ. ಜೋಮಿನ ಜೊತೆ ಬೆರಳು ತಣ್ಣಗಾದರೆ, ಬಿಳಿಚಿಕೊಂಡರೆ, ನೋವಾದರೆ ಅದು ಬೇರೆಯೇ ವಿಷಯ. ಫಿಸ್ಟುಲಾದಿಂದಾಗಿ ಕೈಗೆ ರಕ್ತ ಸಾಲುತ್ತಿಲ್ಲ ಅನ್ನುವ ಸೂಚನೆ ಇರಬಹುದು. ಹೇಳಲೇಬೇಕು.

ಈಗ ಚಳಿ. ಹೊರಗಿನ ಟ್ಯೂಬುಗಳಲ್ಲಿ ಸುತ್ತಿ ಬರುವಾಗ ರಕ್ತ ಸ್ವಲ್ಪ ತಣ್ಣಗಾಗುತ್ತದೆ, ಜೊತೆಗೆ ನೀವು ಅಲ್ಲಾಡದೆ ಕೂತಿರುತ್ತೀರಿ. ಎಷ್ಟೋ ಸಲ ಡಯಾಲಿಸಿಸ್ ದ್ರಾವಣವನ್ನು ಬೇಕೆಂದೇ ತುಸು ತಣ್ಣಗಿಟ್ಟಿರುತ್ತಾರೆ, ಯಾಕೆಂದರೆ ತಂಪಿದ್ದಾಗ ರಕ್ತನಾಳ ಬಿಗಿಯಾಗಿ ಬಿಪಿ ನಿಲ್ಲುತ್ತದೆ. ಆದ್ದರಿಂದ ಚಳಿ ಅಂತ ಮಷಿನ್ ಟೆಂಪರೇಚರ್ ಏರಿಸಿ ಎನ್ನುವ ಮೊದಲು ಹೊದಿಕೆ ಹಾಕಿಕೊಳ್ಳಿ. ಬಿಸಿನೀರಿನ ಚೀಲ, ಎಲೆಕ್ಟ್ರಿಕ್ ಕಂಬಳಿ ಬೇಡ. ಮೈ ಜಾಸ್ತಿ ಬಿಸಿಯಾದರೆ ನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಶುಗರ್‌ನಿಂದ ಕಾಲಿನ ಸ್ಪರ್ಶ ಕಳೆದುಕೊಂಡವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ. ಒಮ್ಮೆಲೇ ನಡುಕ ಬಂದರೆ, ಅದರಲ್ಲೂ ಕ್ಯಾತಿಟರ್ ಇದ್ದವರಿಗೆ, ಅದನ್ನು ಬರೀ ಚಳಿ ಅಂದುಕೊಂಡು ಹೊದ್ದು ಮಲಗಬೇಡಿ. ಸೋಂಕು ಇರಬಹುದು.

ಹೊದ್ದುಕೊಳ್ಳುವಾಗ ಒಂದು ನಿಯಮ ಮಾತ್ರ ಯಾವತ್ತೂ ಮುರಿಯಬೇಡಿ: ಸೂಜಿ ಹಾಕಿದ ಜಾಗ ಮತ್ತು ಟ್ಯೂಬು ಸದಾ ಕಣ್ಣಿಗೆ ಕಾಣುತ್ತಿರಬೇಕು. ಕ್ಯಾತಿಟರ್‌ಗೂ ಇದೇ ಮಾತು. ಮಷಿನ್ ನಿಮಿಷಕ್ಕೆ ಸುಮಾರು 300 ಮಿಲಿ ರಕ್ತ ಓಡಿಸುತ್ತಿರುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. ವಾಪಸ್ ಬರುವ ಸೂಜಿ ಕಳಚಿಕೊಂಡರೆ ಅಷ್ಟೂ ರಕ್ತ ಹೊರಗೆ. ಅಲಾರಂ ಹೊಡೆದೇ ಹೊಡೆಯುತ್ತದೆ ಅಂತ ನಂಬುವ ಹಾಗಿಲ್ಲ. ಕಂಬಳಿ ಕೆಳಗೆ ಒದ್ದೆ ಒದ್ದೆ ಅನಿಸಿದರೆ ಅರೆಕ್ಷಣವೂ ಯೋಚಿಸದೆ ಕೂಗಿ. ಕೈ ಬಿಟ್ಟು ಉಳಿದದ್ದನ್ನೆಲ್ಲ ಹೊದ್ದುಕೊಳ್ಳಿ. ಕೈಗೆ ಬೇಕಿದ್ದರೆ ಬೆರಳಿಗೆ ಗವಸು, ಭುಜಕ್ಕೆ ಶಾಲು.

ಕರೆಗಂಟೆ, ಫೋನ್, ಕನ್ನಡಕ, ಒರೆಸುವ ಬಟ್ಟೆ, ಇಷ್ಟೂ ಖಾಲಿ ಕೈಯ ಕಡೆಗೇ ಇರಲಿ. ಅವು ಟ್ಯೂಬಿನ ಕಡೆಗಿದ್ದರೆ ಮೈ ತಿರುಗಿಸಿ ಎಟಕಿಸಿಕೊಳ್ಳುವ ಪೀಕಲಾಟ.

ಹಂತ 5: ಮೈ ಕೊಡುವ ಸುಳಿವು ಹಿಡಿಯುವುದು ಕಲಿಯಿರಿ

ಬಿಪಿ ಕುಸಿಯುವ ಮೊದಲು ಮೈ ಏನೋ ಹೇಳುತ್ತದೆ. ಒಬ್ಬೊಬ್ಬರಿಗೆ ಒಂದೊಂದು ತರ. ನಿದ್ದೆ ಬಾರದಿದ್ದರೂ ಮೇಲಿಂದ ಮೇಲೆ ಆಕಳಿಕೆ, ಹಠಾತ್ತನೆ ಸೆಕೆ, ಹಣೆಯಲ್ಲಿ ತಣ್ಣನೆ ಬೆವರು, ವಾಕರಿಕೆ, ಕಣ್ಣು ಮಂಜಾಗುವುದು, ಕಿವಿಯಲ್ಲಿ ಗುಂಯ್ ಅನ್ನುವುದು. ನಿಮ್ಮದು ಯಾವುದು ಅಂತ ಗುರುತಿಟ್ಟುಕೊಳ್ಳಿ. ಅದು ಕಂಡಕೂಡಲೇ ಹೇಳಿದರೆ ಕುರ್ಚಿ ಹಿಂದಕ್ಕೆ ವಾಲಿಸಿ ಕಾಲು ಮೇಲೆ ಮಾಡುತ್ತಾರೆ, ನೀರು ತೆಗೆಯುವುದನ್ನು ಕಡಿಮೆ ಮಾಡುತ್ತಾರೆ ಇಲ್ಲವೇ ನಿಲ್ಲಿಸುತ್ತಾರೆ. ಬೇಕಾದರೆ ಸ್ವಲ್ಪ ಸಲೈನ್ ಕೊಡುತ್ತಾರೆ. "ಪಾಪ, ಅವರಿಗೆ ಯಾಕೆ ತೊಂದರೆ" ಅಂತ ಕಾಯುತ್ತಾ ಕೂತವರು ಕೊನೆಗೆ ಪ್ರಜ್ಞೆ ತಪ್ಪಿ ಇಡೀ ವಾರ್ಡಿಗೆ ತೊಂದರೆ ಕೊಡುತ್ತಾರೆ. ಎದೆನೋವು, ಉಸಿರಾಟದ ತೊಂದರೆ ಆದರಂತೂ ಕಾಯುವ ಮಾತೇ ಇಲ್ಲ.

ಮೀನಖಂಡ ಹಿಡಿದುಕೊಂಡರೆ ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆಯಬೇಕು. ನಿಮ್ಮ ಕೈಗೆ ಎಟುಕುವುದಿಲ್ಲ, ಬಗ್ಗಲೂಬಾರದು. ಒಂದು ಉದ್ದನೆಯ ಬಟ್ಟೆಯನ್ನು ಪಾದದ ಸುತ್ತ ಹಾಕಿ ಖಾಲಿ ಕೈಯಿಂದ ಎಳೆಯಬಹುದು, ಇಲ್ಲವೇ ಪಾದವನ್ನು ಕುರ್ಚಿಯ ಕಾಲ್ಹಲಗೆಗೆ ಒತ್ತಬಹುದು. ಸಿಬ್ಬಂದಿಗೆ ಹೇಳುತ್ತಲೇ ಇದನ್ನು ಮಾಡಿ. ಪ್ರತಿ ಸಲವೂ ಕೊನೆಯ ಗಂಟೆಯಲ್ಲೇ ಹಿಡಿಯುತ್ತಿದ್ದರೆ ಡ್ರೈ ವೇಟ್ ತೀರಾ ಕೆಳಗಿದೆಯೇನೋ ಅಂತ ಡಾಕ್ಟರನ್ನು ಕೇಳಿ. ಊಟ ಸೇರಿ ಮೈ ತುಂಬಿಕೊಂಡಿದ್ದರೆ ಹಳೆಯ ಡ್ರೈ ವೇಟ್ ಈಗ ಹೊಂದುವುದಿಲ್ಲ.

ಕಾಲಿನ ಚಡಪಡಿಕೆ ಬೇರೆ ತರದ ಹಿಂಸೆ. ಕಾಲೊಳಗೆ ಏನೋ ಹರಿದಾಡಿದ ಹಾಗಾಗುತ್ತದೆ, ಅಲ್ಲಾಡಿಸದೆ ಇರಲಾಗುವುದಿಲ್ಲ. ಕೂತಷ್ಟೂ ಜಾಸ್ತಿ. ಕಬ್ಬಿಣದ ಅಂಶ ಕಡಿಮೆಯಾದರೂ ಹೀಗಾಗುತ್ತದೆ, ಪರೀಕ್ಷೆ ಮಾಡಿಸಿ. ಇಲ್ಲೊಂದು ತಮಾಷೆ ಇದೆ, ತೊಂದರೆ ಪಡುವವರಿಗೆ ತಮಾಷೆಯಲ್ಲ: ತುರಿಕೆಗೆ ಅಂತ ಕೊಡುವ, ನಿದ್ದೆ ಬರಿಸುವ ಕೆಲವು ಅಲರ್ಜಿ ಮಾತ್ರೆಗಳಿಂದ ಈ ಚಡಪಡಿಕೆ ಹೆಚ್ಚಾಗುತ್ತದೆ. ಎರಡೂ ತೊಂದರೆ ಇದ್ದರೆ ಎರಡನ್ನೂ ಒಟ್ಟಿಗೇ ಡಾಕ್ಟರ್‌ಗೆ ಹೇಳಿ.

ತುರಿಕೆಗೆ ರಂಜಕ ಹೆಚ್ಚಾಗಿರುವುದು, ಚರ್ಮ ಒಣಗಿರುವುದು ಎರಡೂ ಕಾರಣ ಆಗಬಹುದು. ಸ್ನಾನ ಆದ ಕೂಡಲೇ ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಡಯಾಲಿಸಿಸ್ ದಿನ ಫಿಸ್ಟುಲಾ ಮೇಲೆ ಮಾತ್ರ ಹಚ್ಚಬೇಡಿ.

ಹಂತ 6: ಹೊತ್ತನ್ನು ಭಾಗ ಮಾಡಿ

ಈಗ ಟೈಮ್ ಪಾಸ್ ವಿಷಯ. 4 ಗಂಟೆಯನ್ನು ಒಂದೇ ಗಂಟಾಗಿ ನೋಡಿದರೆ ಗಡಿಯಾರ ಮುಂದೆ ಹೋಗುವುದೇ ಇಲ್ಲ. ಅಲ್ಲದೆ 4 ಗಂಟೆಯೂ ಒಂದೇ ತರ ಇರುವುದಿಲ್ಲ.

ಮೊದಲ ಅರ್ಧ ಗಂಟೆ ಸೂಜಿ, ಟೇಪು, ಬಿಪಿ ನೋಡುವುದರಲ್ಲೇ ಹೋಗುತ್ತದೆ. ಆಗ ಏನೂ ಹಚ್ಚಿಕೊಳ್ಳಬೇಡಿ. ಅಲ್ಲಿಂದ 2 ಗಂಟೆಯವರೆಗೆ ತಲೆ ಚೆನ್ನಾಗಿ ಓಡುತ್ತದೆ. ಓದುವುದು, ಬರೆಯುವುದು, ಆಫೀಸ್ ಕೆಲಸ, ಹೊಸ ಭಾಷೆ ಕಲಿಯುವುದು, ಏನಿದ್ದರೂ ಇದೇ ಹೊತ್ತು. ವ್ಯಾಯಾಮಕ್ಕೂ ಇದೇ ಹೊತ್ತು. ಕೆಲವು ಸೆಂಟರ್‌ಗಳಲ್ಲಿ ಕುರ್ಚಿಗೆ ಜೋಡಿಸುವ ಪೆಡಲ್ ಇರುತ್ತದೆ. ಇಲ್ಲದಿದ್ದರೆ ಪಾದವನ್ನು ಮೇಲೆ ಕೆಳಗೆ ಮಾಡುವುದು, ಮೊಣಕಾಲು ನೀಡಿ ಮಡಿಸುವುದು, ತೊಡೆ ಬಿಗಿ ಹಿಡಿದು ಬಿಡುವುದು, ಇಷ್ಟು ಸಾಕು. ಡಾಕ್ಟರ್ ಒಪ್ಪಿಗೆ ಕೊಟ್ಟಿರಬೇಕು, ಮತ್ತೆ 2 ಗಂಟೆಯೊಳಗೆ ಮುಗಿಸಬೇಕು, ಆಮೇಲೆ ಬಿಪಿ ಇಳಿಯುವ ಸಂಭವ ಜಾಸ್ತಿ.

ಮೂರನೇ ಗಂಟೆಯ ಹೊತ್ತಿಗೆ ಕಣ್ಣು ಸೋಲುತ್ತದೆ. ಓದಿದ ಸಾಲನ್ನೇ ಮತ್ತೆ ಓದುತ್ತಿರುತ್ತೀರಿ. ಆಗ ಪುಸ್ತಕ ಮುಚ್ಚಿ ಕಿವಿಗೆ ಕೆಲಸ ಕೊಡಿ: ಹಾಡು, ಆಡಿಯೋ ಪುಸ್ತಕ, ಪಾಡ್‌ಕಾಸ್ಟ್. ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಧಾರಾವಾಹಿಯ ಹಾಗೆ ಕಂತುಕಂತಾಗಿರುವುದನ್ನು ಡಯಾಲಿಸಿಸ್‌ಗೆಂದೇ ಮೀಸಲಿಟ್ಟರೆ ಇನ್ನೂ ಒಳ್ಳೆಯದು. ಮನೆಯಲ್ಲಿ ನೋಡಬಾರದು ಅಂತ ನಿಮಗೆ ನೀವೇ ಕಟ್ಟುನಿಟ್ಟು ಮಾಡಿಕೊಳ್ಳಿ. ಮುಂದೇನಾಯಿತೋ ಅನ್ನುವ ಕುತೂಹಲಕ್ಕಾದರೂ ಹೋಗೋಣ ಅನಿಸುತ್ತದೆ.

ಕೊನೆಯ ಗಂಟೆಯಲ್ಲಿ ಹಣ ಕಳಿಸುವುದು, ಯಾರಿಗೋ ಖಾರವಾಗಿ ಉತ್ತರ ಬರೆಯುವುದು, ಇವೆಲ್ಲ ಬೇಡ. ತಲೆ ಮಂಕಾಗಿರುತ್ತದೆ.

ಒಂದೇ ಕೈಯಲ್ಲಿ ಏನೇನು ಮಾಡಬಹುದು? ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ: ಖಾಲಿ ಇರುವ ಕೈಗೆ ಬಿಪಿ ಪಟ್ಟಿ ಕಟ್ಟಿರುತ್ತಾರೆ. ಅರ್ಧ ಗಂಟೆಗೋ ಇನ್ನೂ ಬೇಗನೋ ಅದು ಬಿಗಿಯುತ್ತದೆ. ಆಗ ಕೈ ಎತ್ತಿ ಫೋನ್ ಹಿಡಿದಿದ್ದರೆ ಅಳತೆ ತಪ್ಪಾಗುತ್ತದೆ. ಹಾಗಾಗಿ ಫೋನ್ ಅಥವಾ ಟ್ಯಾಬ್ಲೆಟ್‌ಗೆ ಸ್ಟ್ಯಾಂಡ್ ಬೇಕೇ ಬೇಕು. ದಪ್ಪ ಪುಸ್ತಕ ಒಂದು ಕೈಯಲ್ಲಿ ನಿಲ್ಲುವುದಿಲ್ಲ, ಇ-ರೀಡರ್ ಹಗುರ. ಬರೆಯುವ ಕೈ ಖಾಲಿ ಇದ್ದರೆ ಕಾಗದ ಜಾರದಂತೆ ಕ್ಲಿಪ್ ಇರುವ ರಟ್ಟು ಇಟ್ಟುಕೊಳ್ಳಿ. ಇಲ್ಲದಿದ್ದರೆ ಫೋನ್‌ಗೆ ಮಾತಾಡಿ ಬರೆಸಿ. ಪದಬಂಧ, ಸುಡೊಕು, ಚೆಸ್, ಹಳೆಯ ಫೋಟೋ ವಿಂಗಡಿಸುವುದು, ಇವೆಲ್ಲ ಒಂದು ಕೈಗೆ ಸಲೀಸು. ಇಯರ್‌ಫೋನ್‌ಗೆ ವೈರ್ ಇಲ್ಲದಿರಲಿ, ರಕ್ತದ ಟ್ಯೂಬಿಗೆ ಸಿಕ್ಕಿಕೊಳ್ಳಬಾರದು. ಒಂದು ಕಿವಿ ಖಾಲಿ ಬಿಡಿ, ಸಿಬ್ಬಂದಿ ಕರೆದದ್ದು ಕೇಳಬೇಕು.

ನಿದ್ದೆ ಬಂದರೆ ನಿದ್ದೆ ಮಾಡಿ, ತಪ್ಪೇನಿಲ್ಲ. ಆದರೆ ಮಲಗುವ ಮೊದಲು ಸಿಬ್ಬಂದಿಗೆ ಹೇಳಿ. ನಿದ್ದೆಯಲ್ಲಿರುವವರಿಗೆ ಮೈ ಕೊಡುವ ಸುಳಿವು ಗೊತ್ತಾಗುವುದಿಲ್ಲ. ಹಗಲು ಕುರ್ಚಿಯಲ್ಲಿ ಮಲಗಿ ರಾತ್ರಿ ಹೊರಳಾಡುವಂತಾದರೆ ಮಾತ್ರ ಕಡಿಮೆ ಮಾಡಿ.

ಪಕ್ಕದ ಕುರ್ಚಿಯವರ ಜೊತೆ ಮಾತೂ ಒಂದು ಔಷಧಿಯೇ. ಕೆಲವರಿಗೆ ಮಾತು ಬೇಡ, ಅದನ್ನೂ ಗೌರವಿಸಬೇಕು, ಅಲ್ವಾ? ಇಯರ್‌ಫೋನ್ ಹಾಕಿಕೊಂಡವರನ್ನು ಬಿಟ್ಟುಬಿಡಿ.

ತಿನ್ನುವುದು, ಕುಡಿಯುವುದು

ಊಟ ಮಾಡಿದಾಗ ರಕ್ತ ಹೊಟ್ಟೆಯ ಕಡೆ ಹೋಗುತ್ತದೆ, ಬಿಪಿ ಇಳಿಯಬಹುದು. ಬಿಪಿ ಇಳಿಯುವ ಅಭ್ಯಾಸ ಇದ್ದವರು ಡಯಾಲಿಸಿಸ್ ಹೊತ್ತಿನಲ್ಲಿ ತಿನ್ನದಿರುವುದೇ ವಾಸಿ. ಬಿಪಿ ಗಟ್ಟಿಯಾಗಿರುವವರು ಸ್ವಲ್ಪ ಏನಾದರೂ ತಿನ್ನಬಹುದು, ಸೆಂಟರ್‌ನ ನಿಯಮ ಕೇಳಿಕೊಳ್ಳಿ. ಬಾಯಿ ಒಣಗಿದರೆ ಒಂದು ಸಣ್ಣ ಐಸ್ ತುಂಡು ಬಾಯಲ್ಲಿಟ್ಟುಕೊಂಡರೆ ಒಂದು ಗುಟುಕು ನೀರಿಗಿಂತ ಹೆಚ್ಚು ಹೊತ್ತು ಬರುತ್ತದೆ. ತುಟಿಗೆ ಲಿಪ್ ಬಾಮ್.

ಹಂತ 7: ಬೇಗ ಬಿಡಿಸಿ ಅನ್ನುವ ಆಸೆ

ಕೊನೆಯ ಕಾಲು ಗಂಟೆ ತುಂಬಾ ಉದ್ದ. "15 ನಿಮಿಷ ತಾನೇ, ಬಿಡಿಸಿಬಿಡಿ" ಅನಿಸುವುದು ಸಹಜ. ಲೆಕ್ಕ ನೋಡಿ. ವರ್ಷಕ್ಕೆ 156 ಡಯಾಲಿಸಿಸ್. ಪ್ರತಿ ಸಲ 15 ನಿಮಿಷ ಕಡಿತ ಮಾಡಿದರೆ ಒಟ್ಟು 39 ಗಂಟೆ. ಹೆಚ್ಚುಕಡಿಮೆ 10 ಡಯಾಲಿಸಿಸ್ ತಪ್ಪಿಸಿಕೊಂಡ ಹಾಗೆ. ಕೊನೆಯ ಹೊತ್ತು ತಡೆಯಲಾಗದಷ್ಟು ಕಷ್ಟವಾಗುತ್ತಿದ್ದರೆ ಅದಕ್ಕೆ ಕಾರಣ ಹುಡುಕಿಸಿ. ನಿಧಾನವಾಗಿ, ಇನ್ನೂ ಹೆಚ್ಚು ಹೊತ್ತು ಮಾಡಿಸಿಕೊಂಡಾಗ ಸಂಕಟ ಕಡಿಮೆಯಾದವರಿದ್ದಾರೆ. ಕೇಳಲು ವಿಚಿತ್ರ, ಆದರೆ ಹಂತ 1ರ ಲೆಕ್ಕ ನೆನಪಿಸಿಕೊಳ್ಳಿ: ಹೊತ್ತು ಜಾಸ್ತಿಯಾದರೆ ವೇಗ ಕಡಿಮೆ.

ಹಂತ 8: ಏಳುವಾಗ

ಸೂಜಿ ತೆಗೆದ ಮೇಲೆ ಎರಡೂ ಜಾಗವನ್ನು ಸುಮಾರು 10 ನಿಮಿಷ ಒಂದೇ ಸಮ ಒತ್ತಿ ಹಿಡಿಯಬೇಕು. ನಿಂತಿತಾ ಅಂತ ನಡುನಡುವೆ ಎತ್ತಿ ನೋಡಿದರೆ ಮತ್ತೆ ಮೊದಲಿನಿಂದ ಶುರು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಿರುವುದರಿಂದ ಕೆಲವರಿಗೆ ಇನ್ನೂ ಸ್ವಲ್ಪ ಹೊತ್ತು ಬೇಕು. ತೀರಾ ಬಿಗಿಯಾಗಿಯೂ ಒತ್ತಬಾರದು, ಫಿಸ್ಟುಲಾದ ಜುಮ್ಮೆನ್ನುವ ಮಿಡಿತ ಬೆರಳಿಗೆ ಸಿಗುತ್ತಿರಬೇಕು.

ಆಮೇಲೆ ಕುರ್ಚಿ ನೇರ ಮಾಡಿಸಿ, ಕಾಲು ಕೆಳಗಿಟ್ಟು ಕೆಲವು ನಿಮಿಷ ಕೂರಿ. ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿಸಿ. ಕೂತಾಗ ಚೆನ್ನಾಗಿದ್ದ ಬಿಪಿ ನಿಂತ ಕೂಡಲೇ ಬೀಳುವುದುಂಟು. ನೀವೇ ಗಾಡಿ ಓಡಿಸಿಕೊಂಡು ಹೋಗುವ ಯೋಚನೆ ಬಿಡಿ, ಕೊನೇಪಕ್ಷ ನಿಮ್ಮ ಮೈ ಹೇಗೆ ತಡೆದುಕೊಳ್ಳುತ್ತದೆ ಅಂತ ಗೊತ್ತಾಗುವವರೆಗೆ.

ಮನೆಗೆ ಹೋದ ಮೇಲೆ ಸುಸ್ತು ಇರುತ್ತದೆ. ಕೆಲವರಿಗೆ ಒಂದೆರಡು ಗಂಟೆ, ಕೆಲವರಿಗೆ ಮರುದಿನದವರೆಗೆ. ಸುಸ್ತು ಇಳಿದ ಮೇಲೆ ಫೋನ್‌ನಲ್ಲಿ ನಾಲ್ಕು ಸಾಲು ಬರೆದಿಡಿ: ಎಷ್ಟು ತೂಕ ಏರಿತ್ತು, ಎಷ್ಟು ನೀರು ತೆಗೆದರು, ಯಾವ ಹೊತ್ತಿಗೆ ಏನಾಯಿತು, ಸುಸ್ತು ಎಷ್ಟು ಹೊತ್ತಿತ್ತು. "ಹೋದ ಸಲ ಏನೋ ಆಯ್ತು" ಅಂದರೆ ಡಾಕ್ಟರ್‌ಗೆ ಏನೂ ಗೊತ್ತಾಗುವುದಿಲ್ಲ. "3.4 ಲೀಟರ್ ತೆಗೆದರು, ಮೂರನೇ ಗಂಟೆಗೆ ಬಲಗಾಲು ಹಿಡಿಯಿತು" ಅಂದರೆ ಅವರು ಅಲ್ಲೇ ಏನಾದರೂ ಬದಲಿಸಬಹುದು. ಮುಂದಿನ ಸಲ ಸೂಜಿ ಹಾಕುವ ಮೊದಲೇ ಅದನ್ನು ಓದಿ ಹೇಳಿ.